ಜರಡಿಯೂ ನಾಡಿಯೂ

ನಮ್ಮ ಶಾಲೆಯ ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ ಕಳೆದ ಡಿಸೆಂಬರ್ ತಿಂಗಳಿನಿಂದ ಲೋಹದ ಪೆಟ್ಟಿಗೆಯೊಂದು ಇರುತ್ತದೆ. ಸಾಬೂನಿನ ಬಿಲ್ಲೆಗಿಂತ ಸ್ವಲ್ಪ ಉದ್ದ. ಮೇಲ್ಗಡೆ ಆರು ತಿರುಪುಮೊಳೆಗಳು, ಎರಡು ಕೊನೆಗಳಲ್ಲಿಯೂ ತಂತಿ ಸಿಕ್ಕಿಸುವ ಮೂತಿಗಳು. ಶಾಲೆಗೆ ಬರುವ ತಾಯ್ತಂದೆಗಳಲ್ಲಿ ಅನೇಕರು ಇದೇನೆಂದು ಕೇಳಿರುವರು. ಫಿಲ್ಟರು ಎಂದು ಹೇಳಿದರೆ ನಗುವರು. ಯಾಕಂದರೆ ನಮ್ಮ ಜನರಿಗೆ ಫಿಲ್ಟರೆಂದರೆ ಕಾಫಿಯದೊಂದೇ. ಇದನ್ನು ತಂದುಕೊಟ್ಟ ಹಳೆಯ ವಿದ್ಯಾರ್ಥಿನಿಯ ತಂದೆಯವರೂ, ಮಗಳು ಫಿಲ್ಟರಿನ ವಿಷಯದಲ್ಲಿ ಸಂಶೋಧನೆ ನಡಿಸುತ್ತಾಳೆಂದು ಕೇಳಿ, "ಅದಕ್ಕೆ ಇಷ್ಟು ವರುಷ ಓದಬೇಕೇ?" ಎಂದು ಮೊದಲು ಬೆರಗಾದರಂತೆ.

ಈಕೆಯೂ ಈಕೆಯ ತಂಗಿಯೂ ನಮ್ಮ ಕೈಕೆಳಗೆ ಕಲಿತವರು. ಇವರ ವಿಷಯದಲ್ಲಿ ನಾವು ಒಂದು ತಪ್ಪನ್ನು ಮಾಡಿದೆವು. ಅದನ್ನು ಈ ಸಂಚಿಕೆಯಲ್ಲಿ ಹೇಳಿಬಿಡುವುದು ನ್ಯಾಯವೆಂದು ತೋರಿತು. ಹದಿನಾರು ವರುಷಗಳ ಹಿಂದೆ, ನಾವು ಗಣಿತವನ್ನು ಕಲಿಸುತ್ತಿದ್ದ ಕಾಲದಲ್ಲಿ, ಇವರ ತಂದೆಯವರು ಒಂದು ಸಾಯಂಕಾಲ ಬಂದು, "ಟೀಚರೇ, ನನ್ನ ಸಂಪಾದನೆಯಲ್ಲಿ ಒಬ್ಬಳನ್ನೇ ದೊಡ್ಡ ಓದಿಗೆ ಕಳುಹಿಸಬಹುದು. ಯಾರನ್ನು ಕಳುಹಿಸಲಿ? ತಾವೇ ಹೇಳಬೇಕು" ಎಂದರು. ಕಿರಿಯಳು ವೈದ್ಯಳಾಗಬೇಕೆಂದಿದ್ದಳು, ಹಿರಿಯಳು ವಿದ್ಯುತ್ತಿನ ತರಂಗಗಳನ್ನು ಓದಬೇಕೆಂದಿದ್ದಳು. ನಾವು ಹೆಚ್ಚು ಆಲೋಚಿಸಲಿಲ್ಲ. ವೈದ್ಯವು ಜನರಿಗೆ ಬೇಕಾದದ್ದು, ಮತ್ತೊಂದು ಹೆಣ್ಣುಮಗಳಿಗೆ ಒಗ್ಗುವಂಥದಲ್ಲ, ಹಿರಿಯಳನ್ನು ಶಿಕ್ಷಕಿಯರ ತರಬೇತಿಗೆ ಹಾಕಿರಿ ಎಂದು ಹೇಳಿ ಕಳುಹಿಸಿದೆವು. ನಮ್ಮ ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಲೆಕ್ಕ ಮಾಡುವವಳು ಮತ್ತೊಬ್ಬಳಿರಲಿಲ್ಲವೆಂಬುದನ್ನು ಬಲ್ಲೆವು. ಬಲ್ಲವರಾಗಿಯೂ ಹಾಗೆ ಹೇಳಿದೆವು. ತಂದೆಯವರು ತಲೆದೂಗಿ ಹೋದರು. ತರುವಾಯ ನಮ್ಮ ಮಾತನ್ನು ಬದಿಗಿಟ್ಟು, ಮನೆಯ ಪತ್ರವನ್ನು ಅಡವಿಟ್ಟು ಇಬ್ಬರನ್ನೂ ಓದಿಸಿದರು.

ಆ ದಿನ ನಮ್ಮ ಕಣ್ಣ ಮುಂದೆ ನಮ್ಮ ದೇಶದ್ದೇ ಉದಾಹರಣೆ ಇತ್ತು. ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1947ರಲ್ಲಿ ಹಡಗನ್ನೇರಿ ಅಮೇರಿಕಕ್ಕೆ ಹೋಗಿ, ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1953ರಲ್ಲಿ ಅದೇ ಸಂಸ್ಥೆಗೆ ಹಿಂದಿರುಗಿ ಅಧ್ಯಾಪಕಿಯಾದರು. ಪತಿ ಶಿಶಿರ ಕುಮಾರ ಚಟರ್ಜಿಯವರ ಸಂಗಡ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಯಿಸಿ, 20 ಮಂದಿಯನ್ನು ಡಾಕ್ಟರ್ ಪದವಿಗೆ ತಯಾರು ಮಾಡಿ, 1982ರಲ್ಲಿ ನಿವೃತ್ತರಾದರು, 2010ರಲ್ಲಿ ತೀರಿಕೊಂಡರು. ಹೆಣ್ಣುಮಗಳಿಗೆ ಒಗ್ಗದು ಎಂದು ನಾವು ಹೇಳಿದ ವಿದ್ಯೆಯನ್ನು ಬೆಂಗಳೂರಿನಲ್ಲಿ ಒಬ್ಬ ಹೆಂಗಸು ಸುಮಾರು ಮೂವತ್ತು ವರುಷ ಗಂಡಸರಿಗೆ ಕಲಿಸಿದ್ದರೆಂಬುದು ಗಣಿತದ ಶಿಕ್ಷಕಿಯಾದ ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲೂ ಇಲ್ಲ.

ಹೀಗಿರಲಾಗಿ ನಾಲ್ಕು ವರುಷಗಳ ಹಿಂದೆ ಒಂದು ರಾತ್ರಿ ನಮ್ಮ ವೃದ್ಧ ತಾಯಿಯವರಿಗೆ ಎದೆಯ ಕೆಳಗೆ ವಿಪರೀತವಾದ ನೋವು ಕಾಣಿಸಿಕೊಂಡಿತು. ದಿಕ್ಕು ತೋಚದೆ ಕಿರಿಯಳಿಗೆ ಫೋನು ಮಾಡಿದೆವು. "ಟೀಚರೇ, ತಡಮಾಡಬೇಡಿರಿ, ನಾನಿರುವ ಆಸ್ಪತ್ರೆಗೇ ಕರತನ್ನಿ" ಎಂದಳು. ಅರ್ಧ ಗಂಟೆಯಲ್ಲಿ ತಲಪಿದೆವು. ಮಂಚದ ಬದಿಯ ಪರದೆಯಲ್ಲಿ ಹೃದಯದ ರೇಖೆಯು ಬಹು ಚೊಕ್ಕಟವಾಗಿ ಓಡುತ್ತಿತ್ತು. ಆದರೆ ಪ್ರತಿಯೊಂದು ಬಡಿತದ ತರುವಾಯ ಅದು ತುಸು ಕುಸಿದಿತ್ತು. ಹೃದಯಕ್ಕೆ ರಕ್ತವು ಸಾಲದೆ ಹೋದಾಗಲೂ ಅದು ಹೀಗೆಯೇ ಕುಸಿಯುವುದಂತೆ. ನಿಂತಿದ್ದವರ ಮುಖಗಳನ್ನು ನೋಡಿಯೇ ನಮಗೆ ಕೈಕಾಲು ತಣ್ಣಗಾದವು. ನಮ್ಮ ಹುಡುಗಿ ಮಾತ್ರ, "ಪರದೆಯನ್ನು ನಂಬಬೇಡಿರಿ, ಫಿಲ್ಟರನ್ನು ಸಡಿಲಿಸಿ ಕಾಗದದ ಮೇಲೆ ಪೂರ್ತಿ ಇ.ಸಿ.ಜಿ. ತೆಗೆಯಿರಿ" ಎಂದಳು. ಕಾಗದದ ರೇಖೆಯು ಉಸಿರಾಟದ ಸಂಗಡ ಏರುತ್ತ ಇಳಿಯುತ್ತ ನೋಡಲು ಅಂದಗೇಡಿಯಾಗಿತ್ತು. ಆದರೆ ಆ ಕುಸಿತವು ಅದರಲ್ಲಿ ಇರಲಿಲ್ಲ. ಕೆಲವು ತಾಸುಗಳ ಅಂತರದಲ್ಲಿ ಎರಡು ಸಾರಿ ನಡಿಸಿದ ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ನೋವಿಗೆ ಕಾರಣವು ಪಿತ್ತಕೋಶದ ಕಲ್ಲು. ತಾಯಿಯವರು ಗುಣಹೊಂದಿ ಮನೆಗೆ ಬಂದರು, ದೇವರಿಗೆ ಸ್ತೋತ್ರ.

ಹೀಗೇಕಾಯಿತೆಂಬುದನ್ನು ಅವಳು ಆಮೇಲೆ ವಿವರಿಸಿದಳು. ರೋಗಿಯು ಉಸಿರಾಡಿದಾಗ, ಮಗ್ಗುಲಾದಾಗ ರೇಖೆಯು ನಿಧಾನವಾಗಿ ಅಲೆದಾಡುವುದು. ಅದನ್ನು ನಿಲ್ಲಿಸುವುದಕ್ಕೆ ಪರದೆಯ ಯಂತ್ರಗಳು ಸೆಕೆಂಡಿಗೆ ಅರ್ಧ ಕಂಪನಕ್ಕಿಂತ ನಿಧಾನವಾದದ್ದನ್ನು ತಡೆದುಬಿಡುತ್ತವೆ. ಆದರೆ ಎರಡು ಬಡಿತಗಳ ನಡುವಿನ ಎಸ್.ಟಿ. ಎಂಬ ಭಾಗವು ಬಲು ನಿಧಾನವಾದದ್ದು. ಹೃದಯಾಘಾತದ ಗುರುತು ಇರುವುದು ಅಲ್ಲಿಯೇ. ತಡೆಯು ಬಿಗಿಯಾದರೆ ಆ ಭಾಗವೂ ಸೊಟ್ಟಗಾಗುವುದು. ಆದದರಿಂದ ರೋಗನಿರ್ಣಯದ ಇ.ಸಿ.ಜಿ.ಯಲ್ಲಿ ತಡೆಯ ಮೇರೆಯನ್ನು ಹತ್ತು ಪಾಲು ಕೆಳಗೆ, 0.05ಕ್ಕೆ, ಇಡುವ ಪದ್ಧತಿಯುಂಟು. "ಇದನ್ನು ಕಾಲೇಜಿನಲ್ಲಿ ಒಂದು ಸಾಲಿನಲ್ಲಿ ಓದಿದ್ದೆ ಟೀಚರೇ; ಅಕ್ಕನೇ ಒಂದು ರಜೆಯಲ್ಲಿ ಕೂತು ಚಿತ್ರ ಬರೆದು ತೋರಿಸಿದಳು, ಅಂದಿನಿಂದ ಮರೆತಿಲ್ಲ" ಎಂದಳು. ನಮಗೆ ಆ ಸಾಯಂಕಾಲವು ನೆನಪಾಗಿ ಉತ್ತರ ಹೊರಡಲಿಲ್ಲ.

ಕಿರಿಯಳು ಈಗ ರೋಗಿಗಳನ್ನು ನೋಡುವುದಲ್ಲದೆ, ಒಂದು ಔಷಧವನ್ನು ಎಷ್ಟು ದಿನ ಕೊಟ್ಟರೆ ಸಾಕೆಂಬ ವಿಚಾರಣೆಯಲ್ಲಿಯೂ ಸೇರಿರುವಳು. ಈ ಬಗೆಯ ಕೆಲಸಕ್ಕೆ ಅವಳು ಮಾದರಿಯೆಂದು ಹೇಳುವುದು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯರೋಗದ ಪರೀಕ್ಷೆಯನ್ನು. ಅಲ್ಲಿಯ ವರೆಗೆ ಕ್ಷಯದವರನ್ನು ಮನೆಯಿಂದ ಬೇರ್ಪಡಿಸಿ ಆರೋಗ್ಯಧಾಮದಲ್ಲಿಡುವುದೇ ಸರಿಯೆಂಬ ನಂಬಿಕೆಯಿತ್ತು. ನಮ್ಮ ಮಿಶನಿನವರೂ ಹಾಗೆಯೇ ನಂಬಿ ಆರೋಗ್ಯಧಾಮಗಳನ್ನು ಕಟ್ಟಿಸಿದರು. ಮದರಾಸಿನಲ್ಲಿ ಚೀಟಿಯೆತ್ತಿದ ಹಾಗೆ ಕೆಲವರನ್ನು ಆರೋಗ್ಯಧಾಮಕ್ಕೂ ಕೆಲವರನ್ನು ತಮ್ಮ ತಮ್ಮ ಇಕ್ಕಟ್ಟಾದ ಮನೆಗಳಿಗೂ ಕಳುಹಿಸಿ, ಇಬ್ಬರಿಗೂ ಅದೇ ಔಷಧವನ್ನು ಒಂದು ವರುಷ ಕೊಟ್ಟರು. ಧಾಮದವರಿಗೆ ಒಳ್ಳೇ ಆಹಾರ, ವಿಶ್ರಾಂತಿ, ದಾದಿಯರ ಆರೈಕೆ. ಮನೆಯವರಿಗೆ ಅವೊಂದೂ ಸಾಕಷ್ಟಿಲ್ಲ. ಆದಾಗ್ಯೂ 1959ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಮನೆಯವರೂ ಹೆಚ್ಚುಕಡಿಮೆ ಅಷ್ಟೇ ಗುಣಹೊಂದಿದ್ದರು. ಜೊತೆಯಲ್ಲಿದ್ದ ಮಕ್ಕಳುಮರಿಗಳಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಆ ಮೇಲೆ ಎಷ್ಟು ತಾಯಂದಿರು ಕೂಸುಗಳನ್ನು ಅಗಲದೆ ಮನೆಯಲ್ಲಿಯೇ ಔಷಧವನ್ನು ತೆಗೆದುಕೊಂಡಿರಬಹುದೆಂದು ನಾವು ಆಗಾಗ್ಗೆ ಯೋಚಿಸುವುದುಂಟು.

ಇನ್ನು ಪೆಟ್ಟಿಗೆಯ ಸಂಗತಿ. ಡಿಸೆಂಬರಿನಲ್ಲಿ ಇಬ್ಬರೂ ಕೂಡಿ ಶಾಲೆಗೆ ಬಂದಾಗ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹಿರಿಯಳನ್ನು, "ತಂಗಿಯವರು ರೋಗಿಗಳನ್ನು ಬದುಕಿಸುತ್ತಾರೆ, ನಿಮ್ಮಿಂದ ಯಾರಿಗೆ ಉಪಯೋಗ?" ಎಂದು ಕೇಳಿಯೇಬಿಟ್ಟಳು. ಗದರಿಸಬೇಕೆಂದಿದ್ದೆವು, ಪ್ರಶ್ನೆಯು ನಮ್ಮದೇ ಆದದ್ದರಿಂದ ಸುಮ್ಮನಾದೆವು. ಹಿರಿಯಳು ನಕ್ಕು ನಮ್ಮ ಕಡೆಗೆ ತಿರುಗಿ, "ಆ ರಾತ್ರಿ ತಾವು ತಂಗಿಗೆ ಮಾಡಿದ ಕರೆಯು ಯಾವ ದಾರಿಯಿಂದ ಹೋಯಿತು ಟೀಚರೇ?" ಎಂದಳು.

ಅವಳು ಹೇಳಿದ್ದು ಇಷ್ಟು: ಊರಿನ ಫೋನು ಗೋಪುರವು ಒಂದೇ ಕಾಲದಲ್ಲಿ ಗಟ್ಟಿಯಾಗಿ ಕೂಗುತ್ತಲೂ ಇರಬೇಕು, ನಮ್ಮ ಕೈಯಲ್ಲಿಯ ಫೋನಿನ ಪಿಸುಮಾತನ್ನು ಕೇಳುತ್ತಲೂ ಇರಬೇಕು. ತನ್ನ ಕೂಗಿಗೆ ತಾನೇ ಕಿವುಡಾಗದಂತೆ ನಡುವೆ ನಿಲ್ಲುವುದು ಈ ಪೆಟ್ಟಿಗೆ. ಒಳಗೆ ಆರು ಕೋಣೆಗಳು. ಒಂದೊಂದು ಕೋಣೆಯೂ, ತಕ್ಕ ಸ್ವರಕ್ಕೆ ಗುಂಯ್‌ಗುಡುವ ಬಿಂದಿಗೆಯ ಹಾಗೆ, ತನ್ನ ಅಳತೆಗೆ ಒಪ್ಪುವ ತರಂಗಕ್ಕೆ ಮಾತ್ರ ಓಗೊಡುವುದು. ಕೋಣೆಗಳನ್ನು ಹೆಚ್ಚಿಸಿದರೆ ಸೋಸುವಿಕೆಯು ಹರಿತವಾಗುವುದು. ಆದರೆ ಹಾದುಹೋಗಬೇಕಾದ ತರಂಗವೂ ದಾರಿಯಲ್ಲಿ ಸವೆಯುವುದು. ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದರ ಪಕ್ಕದವುಗಳನ್ನೂ ಸರಿಮಾಡಬೇಕಾಗುವುದು. ಬಿಸಿಲಿಗೆ ಲೋಹವು ಹಿಗ್ಗಿದರೂ ಸ್ವರವು ತಪ್ಪುವುದು. ಅದಕ್ಕಾಗಿ ಉಪಗ್ರಹಗಳಲ್ಲಿಡುವ ಕೆಲವು ಫಿಲ್ಟರುಗಳನ್ನು ಇನ್ವಾರ್ ಎಂಬ, ಬಲು ಕಡಿಮೆ ಹಿಗ್ಗುವ, ಕಬ್ಬಿಣ ನಿಕಲ್‌ಗಳ ಮಿಶ್ರಲೋಹದಿಂದ ಮಾಡುತ್ತಾರೆ. ಇಷ್ಟು ಹೇಳಿ, ತಂಗಿಯು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ, ಯಕೃತ್ತಿನ ಗಡ್ಡೆಯೊಳಗೆ ಸೂಜಿಯಂಥ ಆಂಟೆನಾವನ್ನು ಇಳಿಸಿ 2.45 ಗಿಗಾಹರ್ಟ್ಸಿನ ಮೈಕ್ರೋವೇವಿನಿಂದ ಅದನ್ನು ಸುಡುವ ಚಿಕಿತ್ಸೆಯನ್ನೂ ತಾನೇ ವರ್ಣಿಸಿಬಿಟ್ಟಳು. ಚಿಕ್ಕಂದಿನಲ್ಲಿಯೂ ತಂಗಿಯ ಪಾಲಿನ ಉತ್ತರವನ್ನು ಹೀಗೆಯೇ ಕಸಿದುಕೊಳ್ಳುತ್ತಿದ್ದಳು.

ಅವರ ತಂದೆಯವರ ಬಳಿಗೆ ಹೋಗಿ ನಮ್ಮ ತಪ್ಪನ್ನು ಒಪ್ಪಿಕೊಂಡೆವು. "ನಾನು ಅದನ್ನು ಅಂದೇ ಮರೆತೆ, ಟೀಚರೇ" ಎಂದರು. ಸಾಲವು ಹೋದ ವರುಷ ತೀರಿತಂತೆ.

ಕಳೆದ ಜೂನಿನಲ್ಲಿ ಒಬ್ಬ ತಾಯಿಯು ಮಗಳನ್ನು ಕರಕೊಂಡು ಬಂದು ಅದೇ ಬಗೆಯ ಪ್ರಶ್ನೆಯನ್ನು ಕೇಳಿದರು. ನಾವು ಬುದ್ಧಿ ಹೇಳಲಿಲ್ಲ. ಕಪಾಟಿನಿಂದ ಪೆಟ್ಟಿಗೆಯನ್ನು ತೆಗೆದು ಹುಡುಗಿಯ ಕೈಯಲ್ಲಿಟ್ಟೆವು. ಅವಳು ಸ್ವಲ್ಪ ಹೊತ್ತು ತಿರುಗಿಸಿ ನೋಡಿ, "ಇದನ್ನು ತಿರುವಿದರೆ ಏನಾಗುತ್ತದೆ ಟೀಚರೇ?" ಎಂದಳು. ತಿರುಪುಳಿಯನ್ನು ಕೊಟ್ಟೆವು. ಆರು ತಿರುಪುಗಳನ್ನೂ ತಿರುವಿಬಿಟ್ಟಳು. ಹಿರಿಯಳಿಗೆ ಬರೆದು ತಿಳಿಸಿದ್ದೇವೆ. ಬರುವ ಕ್ರಿಸ್‌ಮಸ್ ರಜೆಯಲ್ಲಿ ಅಳತೆಯ ಯಂತ್ರವನ್ನು ತರುವಳಂತೆ, ಆ ಹುಡುಗಿಯನ್ನು ಕೂಡಿಸಿಕೊಂಡೇ ಸರಿಮಾಡುವಳಂತೆ.