ಅಪ್ಪನ ತಟ್ಟೆ

ಡೇವಿಡ್ ಕ್ರೋನೆನ್‌ಬರ್ಗ್‌ನ 'ಎ ಹಿಸ್ಟರಿ ಆಫ್ ವಯಲೆನ್ಸ್' ಬಂದಿದ್ದು 2005ರಲ್ಲಿ. ನಾನು ನೋಡಿದ್ದು ಮಾತ್ರ ಮೊನ್ನೆ. (ಕಥೆ ಪೂರ್ತಿ ಹೇಳ್ತಿದ್ದೀನಿ, ನೋಡಬೇಕು ಅಂತಿರೋರು ಇಲ್ಲಿಗೇ ನಿಲ್ಲಿಸಿ!)

ಅಮೆರಿಕದ ಇಂಡಿಯಾನಾದ ಒಂದು ಪುಟ್ಟ ಊರು. ಟಾಮ್ ಸ್ಟಾಲ್ ಅಲ್ಲೊಂದು ಸಣ್ಣ ಹೋಟೆಲ್ ಇಟ್ಕೊಂಡಿದ್ದಾನೆ. ಹೆಂಡತಿ, ಹೈಸ್ಕೂಲಿಗೆ ಹೋಗೋ ಮಗ, ಪುಟ್ಟ ಮಗಳು. ಒಂದು ರಾತ್ರಿ ಬಾಗಿಲು ಹಾಕೋ ಹೊತ್ತಿಗೆ ಇಬ್ಬರು ಕೊಲೆಗಡುಕರು ಬರ್ತಾರೆ. ಟಾಮ್ ಬಿಸಿ ಕಾಫಿ ಪಾತ್ರೆಯನ್ನೇ ಬೀಸಿ, ಅವರದ್ದೇ ಗನ್ ಕಿತ್ಕೊಂಡು ಇಬ್ಬರನ್ನೂ ಮುಗಿಸ್ತಾನೆ. ಟಿವಿಯವರು ಹೀರೋ ಮಾಡ್ತಾರೆ. ಅದೇ ಮುಳುವಾಗುತ್ತೆ. ಒಂದು ಕಣ್ಣು ಹೋದವನೊಬ್ಬ ಫಿಲಡೆಲ್ಫಿಯಾದಿಂದ ಹುಡುಕ್ಕೊಂಡು ಬಂದು, ಟಾಮ್‌ನನ್ನ 'ಜೋಯಿ' ಅಂತ ಕರೀತಾನೆ...

ನಮಗೆ ಇಂಥ ಕಥೆ ಹೊಸದೇನಲ್ಲ. 1995ರಲ್ಲಿ ರಜನಿಯ 'ಬಾಷಾ', 2001ರಲ್ಲಿ ಅದೇ ಕಥೆ ಕನ್ನಡಕ್ಕೆ ಬಂದಾಗ ವಿಷ್ಣುವರ್ಧನ್ ಅವರ 'ಕೋಟಿಗೊಬ್ಬ'. ಅಲ್ಲಿ ಹಳೇ ಗುಟ್ಟು ಬಯಲಾದ್ರೆ ಥಿಯೇಟರ್ ತುಂಬಾ ಶಿಳ್ಳೆ. ಇಲ್ಲಿ ಹೆಂಡತಿ ಓಡಿಹೋಗಿ ವಾಂತಿ ಮಾಡ್ಕೋತಾಳೆ. ಇಷ್ಟು ವರ್ಷ ತನ್ನ ಹೆಸರಿಗೂ ಮಕ್ಕಳ ಹೆಸರಿಗೂ ಅಂಟಿಕೊಂಡಿದ್ದ 'ಸ್ಟಾಲ್' ಅನ್ನೋದೇ ಸುಳ್ಳು!

ನನ್ನನ್ನ ಕಾಡಿದ್ದು ಮಗ. ಶಾಲೇಲಿ ಕಾಟ ಕೊಡೋನಿಂದ ಬರೀ ಮಾತಲ್ಲೇ ತಪ್ಪಿಸ್ಕೊಳ್ತಿದ್ದ ಹುಡುಗ, ಅಪ್ಪ ಹೀರೋ ಆದ ಮೇಲೆ ಅವನನ್ನ ಹಿಗ್ಗಾಮುಗ್ಗಾ ಬಡೀತಾನೆ. ನಮ್ಮ ಮನೇಲಿ ಹೊಡೆದಾಟ ಇಲ್ಲ ಅಂತ ಬುದ್ಧಿ ಹೇಳೋ ಅಪ್ಪ, ಮಗ ಎದುರುತ್ತರ ಕೊಟ್ಟಿದ್ದಕ್ಕೆ ಕೆನ್ನೆಗೇ ಬಾರಿಸ್ತಾನೆ. ಕೊನೆಗೆ ಅಪ್ಪನ ಪ್ರಾಣ ಉಳಿಸೋಕೆ ಅದೇ ಹುಡುಗ ಬಂದೂಕು ಎತ್ತಬೇಕಾಗುತ್ತೆ. ಅಪ್ಪ ಮುಚ್ಚಿಟ್ಟಿದ್ದು ಮಗನ ಕೈಗೇ ಬಂತು.

ನಮ್ಮಪ್ಪ ಮದುವೆಗೆ ಮುಂಚೆ ಏಳು ವರ್ಷ ಬೊಂಬಾಯಲ್ಲಿದ್ರು. 'ಹೋಟ್ಲಲ್ಲಿದ್ದೆ' ಅನ್ನೋದು ಬಿಟ್ಟು ಬೇರೇನೂ ಹೇಳಿದವರಲ್ಲ. ಬೆನ್ನ ಮೇಲೊಂದು ಉದ್ದನೆ ಗಾಯದ ಗುರುತಿತ್ತು. ಏನದು ಅಂತ ಕೇಳಿದ್ರೆ ಟವೆಲ್ ಹೊದ್ಕೊಂಡು ಎದ್ದು ಹೋಗೋರು. ಈಗ ಅವರಿಲ್ಲ. ಸಿನಿಮಾ ನೋಡಿದ ಮಾರನೇ ದಿನ ಅಮ್ಮನ್ನ ಕೇಳಿದೆ.

"ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಒಂದಿನಾನೂ ಯಾರ ಮೇಲೂ ಕೈ ಎತ್ತಲಿಲ್ವಲ್ಲೋ, ಸಾಕು ಬಿಡು" ಅಂದ್ಲು.

ಸಿನಿಮಾದ ಕೊನೇ ದೃಶ್ಯದಲ್ಲಿ ಮಾತೇ ಇಲ್ಲ. ಹಳೇ ಲೆಕ್ಕ ಎಲ್ಲಾ ಚುಕ್ತಾ ಮಾಡಿ ಟಾಮ್ ಮನೆಗೆ ಬರ್ತಾನೆ. ಎಲ್ರೂ ಊಟಕ್ಕೆ ಕೂತಿದ್ದಾರೆ. ಮಗಳು ಎದ್ದು ಅಪ್ಪನಿಗೊಂದು ತಟ್ಟೆ ತಂದಿಡ್ತಾಳೆ. ಮಗ ಬಡಿಸೋ ಪಾತ್ರೆ ಅವನ ಕಡೆ ಸರಿಸ್ತಾನೆ. ಹೆಂಡತಿ ತಲೆ ಎತ್ತಿ ನೋಡ್ತಾಳೆ... ಮುಗೀತು.

ತಟ್ಟೆ ಇಟ್ಟ ಮಗಳಿಗೆ ಇದೆಲ್ಲಾ ಅರ್ಥ ಆಗೋ ವಯಸ್ಸಲ್ಲ. ಪಾತ್ರೆ ಸರಿಸಿದ ಮಗನಿಗೆ ಎಲ್ಲಾ ಗೊತ್ತು. ಇಷ್ಟು ವಯಸ್ಸಾದ್ರೂ ನಾನು ಆ ಮಗಳ ಜಾಗದಲ್ಲೇ ಇದ್ದೀನಿ. ಅದು ಪುಣ್ಯವೋ ನಷ್ಟವೋ ಗೊತ್ತಾಗ್ತಿಲ್ಲ. ಅಪ್ಪ-ಅಮ್ಮನ ಹಳೇ ಬದುಕು ಮಕ್ಕಳಿಗೆ ಗೊತ್ತಿರಲೇಬೇಕಾ? ನೀವೇನಂತೀರಿ?