ಎತ್ತೋದು ಬೇಡ, ದಾರಿ ಬಿಡಿ

ನಮ್ಮ ಮನೆಯಿಂದ ಪಾರ್ಕಿಗೆ 250 ಹೆಜ್ಜೆ. ಎಣಿಸಿದ್ದು ನಾನಲ್ಲ, ಅಪ್ಪ. ಎರಡೂ ಕಾಲು ಇದ್ದಾಗ ಎಣಿಸಿದ್ದು.

ಬೆಂಗಳೂರಿನ ದಕ್ಷಿಣ ಭಾಗದ ಹಳೇ ಬಡಾವಣೆ ನಮ್ಮದು. ಪಾರ್ಕೇನೂ ದೊಡ್ಡದಲ್ಲ. ನಾಲ್ಕಾರು ಹೊಂಗೆ ಮರ, ಎರಡು ಸಂಪಿಗೆ, ಯಾವತ್ತೋ ನಿಂತುಹೋದ ಒಂದು ಕಾರಂಜಿ, ಸುತ್ತಲೂ ವಾಕಿಂಗ್ ಪಾತ್. ಕೆಎಸ್‌ಆರ್‌ಟಿಸಿಯಲ್ಲಿ 28 ವರ್ಷ ಡ್ರೈವರ್ ಆಗಿದ್ದ ಅಪ್ಪ ರಿಟೈರ್ ಆಗಿ ನಮ್ಮ ಜೊತೆ ಇರೋಕೆ ಬಂದಾಗ, ಈ ಊರಲ್ಲಿ ಅವರಿಗೆ ಹಿಡಿಸಿದ ಒಂದೇ ಜಾಗ ಇದು. ಬೆಳಗ್ಗೆ ಆರಕ್ಕೆ ಹೋದರೆ ಎಂಟಕ್ಕೆ ವಾಪಸ್. ಹೊಂಗೆ ಮರದ ಕೆಳಗಿನ ಬೆಂಚಲ್ಲಿ ನಾಲ್ಕು ಜನ ಗೆಳೆಯರು, ಒಂದು ಪೇಪರ್, ರಾಜಕೀಯ, ಬೀಪಿ ಮಾತ್ರೆ, ಮಕ್ಕಳ ಮೇಲಿನ ದೂರು. ಅಷ್ಟೇ ಅವರ ಪ್ರಪಂಚ.

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಮಾಯಲೇ ಇಲ್ಲ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೀಬೇಕಾಯ್ತು. ಕೃತಕ ಕಾಲು ಹಾಕಿಸಿದ್ವಿ. ಮನೆಯೊಳಗೆ ಹತ್ತು ಹೆಜ್ಜೆಗೆ ಅದು ಸಾಕು, ಹೊರಗೆ ಹೋಗೋಕೆ ವೀಲ್‌ಚೇರೇ ಬೇಕು.

ಮೊದಲ ಸಲ ಅವರನ್ನ ಪಾರ್ಕಿಗೆ ಕರ್ಕೊಂಡು ಹೋದ ದಿನ ಗೇಟಿನ ಹತ್ತಿರ ನಿಂತುಬಿಟ್ವಿ. ನೀವೂ ಇಂಥ ಗೇಟು ನೋಡಿರ್ತೀರಿ. ಬೈಕು, ಹಸು ನುಗ್ಗಬಾರದು ಅಂತ ಒಬ್ಬೊಬ್ಬರೇ ಸೊಂಟ ತಿರುಗಿಸಿ ನುಸುಳಿಕೊಂಡು ಹೋಗೋ ಹಾಗೆ ಮಾಡಿರೋ ಕಬ್ಬಿಣದ ಗೇಟು. ಅದಕ್ಕಿಂತ ಮೊದಲು ಅರ್ಧ ಅಡಿಯ ಒಂದು ಮೆಟ್ಟಿಲು. ಐದು ವರ್ಷದಿಂದ ಅದೇ ಗೇಟಲ್ಲಿ ಇಯರ್‌ಫೋನ್ ಹಾಕ್ಕೊಂಡು ಓಡಾಡಿದ ನನಗೆ ಅಲ್ಲೊಂದು ಮೆಟ್ಟಿಲಿದೆ ಅಂತ ಗೊತ್ತಾಗಿದ್ದೇ ಅವತ್ತು.

ನಮ್ಮನ್ನ ನೋಡಿದ ಕೂಡಲೇ ನಾಲ್ಕು ಜನ ಓಡಿ ಬಂದರು. "ಏನೂ ಯೋಚ್ನೆ ಮಾಡ್ಬೇಡಮ್ಮಾ, ಎತ್ಕೊಂಡ್ಬಿಡ್ತೀವಿ" ಅಂದ್ರು. ಇಬ್ಬರು ಅಪ್ಪನನ್ನ ಎತ್ತಿದರು, ಇನ್ನಿಬ್ಬರು ಖಾಲಿ ವೀಲ್‌ಚೇರನ್ನ ಗೇಟಿನ ಮೇಲಿಂದ ದಾಟಿಸಿದರು. ನನಗೆ ಕಣ್ಣು ತುಂಬಿ ಬಂತು. ಬೆಂಗಳೂರಲ್ಲಿ ಮನುಷ್ಯತ್ವ ಸತ್ತಿಲ್ಲ ಅಂತ ಸ್ಟೇಟಸ್ ಕೂಡ ಹಾಕಿದೆ.

ಅಪ್ಪನ ಮುಖ ನಾನು ನೋಡಿರಲಿಲ್ಲ.

ಎಂಟನೇ ದಿನವೋ ಒಂಬತ್ತನೇ ದಿನವೋ ಅವರು ಹೊರಡಲಿಲ್ಲ. "ಮೈಗೆ ಹುಷಾರಿಲ್ಲ" ಅಂದ್ರು. ಮಾರನೇ ದಿನ "ಚಳಿ" ಅಂದ್ರು. ಹೀಗೇ ನಾಲ್ಕು ತಿಂಗಳಾಯ್ತು. ದಿನಾ ಶೇವ್ ಮಾಡ್ಕೊಳ್ಳುತ್ತಿದ್ದ ಮನುಷ್ಯ ವಾರಕ್ಕೊಮ್ಮೆ ಮಾಡ್ಕೊಳ್ಳೋಕೆ ಶುರು ಮಾಡಿದರು. ಟೀವಿ ಮುಂದೆ ಕೂತರೆ ಊಟಕ್ಕೂ ಏಳ್ತಿರಲಿಲ್ಲ. ಒಂದು ರಾತ್ರಿ ಅಮ್ಮ ಬೈದಾಗ ಬಾಯಿಬಿಟ್ಟರು: "ದಿನಾ ಬೆಳಗ್ಗೆ ನಾಲ್ಕು ಜನ ನನ್ನ ಎತ್ತಬೇಕು. ನಾಲ್ಕು ಜನ ಎತ್ಕೊಂಡು ಹೋಗೋದು ಯಾವಾಗ ಅಂತ ನಿಂಗೊತ್ತಿಲ್ವೇನೇ?"

ಅಮ್ಮ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಆ ಭಾನುವಾರ ಒತ್ತಾಯ ಮಾಡಿ ಅವರನ್ನ ಕಬ್ಬನ್ ಪಾರ್ಕಿಗೆ ಹೊರಡಿಸಿದೆ. ಹಸಿರು ಲೈನ್ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿದರೆ ಮೂರನೇ ನಿಲ್ದಾಣ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ವೀಲ್‌ಚೇರ್ ಹೋಗುವಷ್ಟು ಅಗಲದ ಟಿಕೆಟ್ ಗೇಟ್ ಇದೆ, ಬೋಗಿಯಲ್ಲಿ ವೀಲ್‌ಚೇರ್ ನಿಲ್ಲಿಸೋ ಜಾಗ ಇದೆ. "ಪರವಾಗಿಲ್ವೇ, ನಮ್ ಬಸ್ಸಲ್ಲಿ ಮೂರು ಮೆಟ್ಲು ಹತ್ತಬೇಕಿತ್ತು" ಅಂದ್ರು ಅಪ್ಪ. ನಾಲ್ಕು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು.

ಕಬ್ಬನ್ ಪಾರ್ಕ್ ಶುರುವಾಗಿದ್ದು 1870ರಲ್ಲಿ. ಆಗಿನ ಮೈಸೂರು ರಾಜ್ಯದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅದರ ರೂವಾರಿ. 1927ರಿಂದ ಅದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ, ಬಾಯಲ್ಲಿ ಉಳಿದಿದ್ದು ಮಾತ್ರ ಕಬ್ಬನ್. ಇವತ್ತು ಸುಮಾರು 300 ಎಕರೆ. ಕುದುರೆ ಗಾಡಿ, ಆಮೇಲೆ ಕಾರು ಓಡಾಡಿದ ಜಾಗ ಆದ್ದರಿಂದ ಒಳಗೆ ಅಗಲವಾದ ಟಾರು ರಸ್ತೆಗಳಿವೆ. ಭಾನುವಾರ ಆ ರಸ್ತೆಗಳಲ್ಲಿ ವಾಹನ ಬಿಡೋದಿಲ್ಲ. ವೀಲ್‌ಚೇರ್‌ಗೆ ಇದಕ್ಕಿಂತ ಒಳ್ಳೇ ದಿನ ಬೇರೆ ಇಲ್ಲ. ಮರದ ಬುಡದ ಮಣ್ಣಿಗೆ ಇಳಿದರೆ ಚಕ್ರ ಹೂತುಕೊಳ್ಳುತ್ತೆ ನಿಜ. ಆದರೆ ಟಾರು ಬಿಡದೆ ಹೋದರೂ ಬಿದಿರು ಮೆಳೆ, ಕೆಂಪು ಬಣ್ಣದ ಹೈಕೋರ್ಟು, ಅದೇ ಕೆಂಪಿನ ಶೇಷಾದ್ರಿ ಅಯ್ಯರ್ ಸ್ಮಾರಕದ ಲೈಬ್ರರಿ ಎಲ್ಲ ನೋಡಬಹುದು.

ಬಿದಿರು ಮೆಳೆ ಹತ್ತಿರ ಅಪ್ಪ ಅಂದ್ರು, "ಕೈ ಬಿಡು."

"ಬೇಡಪ್ಪಾ, ಇಳಿಜಾರಿದೆ."

"ಶಿರಾಡಿ ಘಾಟಿ ಇಳಿಸಿದೋನಿಗೆ ಹೇಳ್ತೀಯಾ? ಬಿಡು ಅಂದ್ರೆ ಬಿಡು."

ಬಿಟ್ಟೆ. ಎರಡೂ ಕೈಯಲ್ಲಿ ಚಕ್ರ ತಳ್ಳಿಕೊಂಡು ಅಪ್ಪ ಮುಂದೆ ಹೋದರು. ಸೈಕಲ್ ಹೊಡೀತಿದ್ದ ಮಕ್ಕಳಿಗೆ ದಾರಿ ಬಿಟ್ಟರು, ತಿರುವಲ್ಲಿ ನಿಧಾನ ಮಾಡಿದರು, ಮತ್ತೆ ಸ್ಪೀಡ್ ತಗೊಂಡರು. ನಾನು ಹಿಂದೆ ಹಿಂದೆ ಓಡಿದೆ. ಬೆವರು ಒರೆಸಿಕೊಂಡು ನಿಂತಾಗ ಅವರ ಮುಖ ನೋಡಿದೆ. ಎತ್ತಿಕೊಂಡು ಹೋದ ದಿನ ಆ ಮುಖವನ್ನ ಯಾಕೆ ನೋಡಲಿಲ್ಲ ಅಂತ ಅವತ್ತು ಅನಿಸಿತು.

ವಾಪಸ್ ಬರೋವಾಗ ಮೆಟ್ರೋದಲ್ಲಿ ಅಪ್ಪ ಒಂದೇ ಮಾತು ಹೇಳಿದ್ದು. "ಅಷ್ಟು ದೂರದ ಪಾರ್ಕಿಗೆ ಹೋಗಬಹುದು. ಮನೆ ಹಿಂದಿನದಕ್ಕೆ ಹೋಗೋಕಾಗಲ್ಲ."

ಮಾರನೇ ದಿನ ಟೇಪ್ ಹಿಡ್ಕೊಂಡು ನಮ್ಮ ಪಾರ್ಕಿಗೆ ಹೋದೆ. ಗೇಟಿನ ಸಂದು 20 ಇಂಚು. ಅಪ್ಪನ ವೀಲ್‌ಚೇರ್ 26 ಇಂಚು. ಆರು ಇಂಚಿಗೆ ನಾಲ್ಕು ತಿಂಗಳು ಹೋಗಿತ್ತು.

ಓದ್ತಾ ಹೋದಂತೆ ಇದು ಯಾರ ದಯೆಯ ವಿಷಯವೂ ಅಲ್ಲ ಅಂತ ಗೊತ್ತಾಯ್ತು. 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಸಾರ್ವಜನಿಕ ಕಟ್ಟಡ ಅನ್ನೋ ಮಾತಿನೊಳಗೆ ವಿಹಾರ, ಮನರಂಜನೆಗೆ ಬಳಸುವ ಕಟ್ಟಡಗಳನ್ನೂ ಸೇರಿಸಿದೆ. ಹಳೇದನ್ನೆಲ್ಲ ಸರಿಪಡಿಸೋಕೆ ನಿಯಮ ಬಂದ 2017ರಿಂದ ಐದು ವರ್ಷದ ಗಡುವು ಕೊಟ್ಟಿತ್ತು. ಆ ಗಡುವು ಮುಗಿದೇ ಹೋಗಿದೆ. ಇಂಥ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಮನವಿ ಬರೆದೆ. ಪಾರ್ಕಿನ ವಾಕರ್ಸ್ ಗುಂಪಿನ 40 ಜನ ಸಹಿ ಹಾಕಿದರು. ಎತ್ತಿಕೊಂಡು ಹೋಗ್ತಿದ್ದ ನಾಲ್ವರೂ ಹಾಕಿದರು. ಆರು ವಾರ ಆದಮೇಲೆ ಒಂದು ದಿನ ಸಿಮೆಂಟ್ ಚೀಲ ಬಂತು, ಸಂಜೆಯೊಳಗೆ ಮೆಟ್ಟಿಲಿಗೆ ರ‍್ಯಾಂಪ್ ಆಯ್ತು. ನಾನು ಖುಷಿಯಿಂದ ಫೋಟೋ ತೆಗೆದು ಅಪ್ಪನಿಗೆ ತೋರಿಸಿದೆ. ಅಪ್ಪ ಫೋನನ್ನ ದೂರ ಹಿಡಿದು ನೋಡಿ, "ಇದು ರ‍್ಯಾಂಪಲ್ಲ ಮಗಾ, ಘಾಟಿ. ಫಸ್ಟ್ ಗೇರಲ್ಲೂ ಹತ್ತಲ್ಲ" ಅಂದ್ರು.

ಅವರು ಹೇಳಿದ್ದೇ ಸರಿ. ಅರ್ಧ ಅಡಿ ಎತ್ತರಕ್ಕೆ ಎರಡೇ ಅಡಿ ಉದ್ದ ಹಾಕಿದ್ದರು. ಲೆಕ್ಕ ಸುಲಭ, ನೆನಪಿಟ್ಟುಕೊಳ್ಳಿ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. 1:12 ಅಂತ ನಿಯಮದಲ್ಲಿ ಬರೆದಿರೋದು ಅದನ್ನೇ. ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ಬೇಕು. ಅದಕ್ಕಿಂತ ಕಡಿದಾದರೆ ಹತ್ತೋವಾಗ ಹಿಂದಕ್ಕೆ ಮಗುಚುತ್ತೆ, ಇಳಿಯೋವಾಗ ಮುಂದಕ್ಕೆ ಎಸೆಯುತ್ತೆ. ಮತ್ತೆ ಓಡಾಟ, ಮತ್ತೆ ಮನವಿ. ಎರಡನೇ ಸಲ ಕೆಲಸದವರು ಬಂದಾಗ ಅಪ್ಪನೇ ಗೇಟಿನ ಹೊರಗೆ ಕೂತು ಅಳತೆ ಹೇಳಿದರು.

ರ‍್ಯಾಂಪ್ ಸರಿಯಾಯ್ತು, ಗೇಟು ಹಾಗೇ ಇತ್ತು. ನಿಜವಾದ ಜಗಳ ಇದ್ದಿದ್ದೇ ಅಲ್ಲಿ. ಮೂಲೆಮನೆ ಅಂಕಲ್ ಕೇಳಿದರು, "ವೀಲ್‌ಚೇರ್ ಹೋಗೋಷ್ಟು ಜಾಗ ಬಿಟ್ಟರೆ ಬೈಕೂ ಬರುತ್ತಲ್ಲಮ್ಮಾ? ಮಕ್ಕಳು ಆಡೋ ಜಾಗ." ಅವರ ಮಾತು ತಪ್ಪಲ್ಲ. ವೀಲ್‌ಚೇರ್ ಹೋಗಿ ಬೈಕ್ ಹೋಗದಂಥ ಸಂದು ಇರೋದು ಕಷ್ಟ. ನಾನು ಉತ್ತರ ಹುಡುಕ್ತಾ ನಿಂತೆ.

ಆ ಕಡೆಯ ಗೋಡೆಗೆ ಗೊಬ್ಬರದ ಗಾಡಿ ಬರೋ ದೊಡ್ಡ ಗೇಟಿತ್ತು. ಅದಕ್ಕೆ ಯಾವಾಗಲೂ ಬೀಗ. "ಬರೋ ಮುಂಚೆ ಫೋನ್ ಮಾಡಿ, ಮಾಲಿ ಬಂದು ತೆಗೀತಾನೆ" ಅಂದ್ರು ಯಾರೋ. ಅಪ್ಪ ಅದಕ್ಕೂ ಒಪ್ಪಲಿಲ್ಲ. "ಎತ್ತೋದು ತಪ್ಪಿತು, ಈಗ ಕೇಳೋದು ಶುರು. ನೀವ್ಯಾರಾದ್ರೂ ಫೋನ್ ಮಾಡಿ ಬರ್ತೀರಾ ಪಾರ್ಕಿಗೆ?"

ಕೊನೆಗೆ ದಾರಿ ತೋರಿಸಿದ್ದು ಮಾಲಿಯೇ. ದೊಡ್ಡ ಗೇಟಿನ ಒಂದು ಬಾಗಿಲನ್ನ ಪಾರ್ಕ್ ತೆರೆದಿರೋ ಹೊತ್ತೆಲ್ಲ ತೆಗೆದಿಡೋದು, ತಾನು ಕೂರೋ ಕಲ್ಲುಬೆಂಚನ್ನ ಅದರ ಪಕ್ಕಕ್ಕೇ ಹಾಕಿಸಿಕೊಳ್ಳೋದು. ಒಂದು ತಿಂಗಳು ನೋಡೋಣ ಅಂತ ಎಲ್ಲರೂ ಒಪ್ಪಿದರು. ಆ ತಿಂಗಳಲ್ಲಿ ಬಂದಿದ್ದು ಎರಡು ಬೈಕು, ಎರಡೂ ಶಾರ್ಟ್‌ಕಟ್ ಹುಡುಕಿದ ಡೆಲಿವರಿ ಹುಡುಗರದ್ದು. ಮಾಲಿ ಗದರಿಸಿದ ಮೇಲೆ ಅದೂ ನಿಂತಿತು. ಹಸು ಒಂದೂ ಬರಲಿಲ್ಲ.

ಬಂದವರು ಬೇರೆ. ಪಾಪುವನ್ನ ಗಾಡಿಯಲ್ಲಿ ಕೂರಿಸ್ಕೊಂಡು ಇಬ್ಬರು ಅಮ್ಮಂದಿರು. ವಾಕರ್ ಹಿಡಿದು ನಡೆಯೋ ಎದುರುಬೀದಿಯ ಅಜ್ಜಿ. ಬಿಳಿ ಕೋಲು ಹಿಡಿದ ಒಬ್ಬ ಕಾಲೇಜು ಹುಡುಗ. ಅವನು ಬಂದಮೇಲೆ ನಮಗೆ ಹೊಸ ಪಾಠ: ವಾಕಿಂಗ್ ಪಾತ್ ಮೇಲೆ ಮುಖದ ಮಟ್ಟಕ್ಕೆ ಬಾಗಿದ ಕೊಂಬೆಯನ್ನ ಕೋಲು ಹುಡುಕೋದಿಲ್ಲ, ಹಣೆ ಹುಡುಕುತ್ತೆ. ಈಗ ಮಾಲಿ ತಿಂಗಳಿಗೊಮ್ಮೆ ಕೊಂಬೆ ಸವರುತ್ತಾನೆ. ಹೊಂಗೆ ಬೇರು ಎತ್ತಿಹಾಕಿದ್ದ ಸಿಮೆಂಟ್ ಕಲ್ಲುಗಳನ್ನ ತೆಗೆದು ಅಷ್ಟು ದೂರ ಸಮ ಮಾಡಿದ್ದಾರೆ. ಶೌಚಾಲಯ ಮಾತ್ರ ಇನ್ನೂ ಬಾಕಿ. ಒಳಗೆ ವೀಲ್‌ಚೇರ್ ತಿರುಗೋಕೆ ಐದಡಿ ಜಾಗ ಬೇಕು, ಅಲ್ಲಿರೋದು ಮೂರು. ಅದಕ್ಕೇ ಅಪ್ಪ ಇವತ್ತಿಗೂ ಪಾರ್ಕಿಗೆ ಹೊರಡೋ ಮುಂಚೆ ಕಾಫಿ ಕುಡಿಯಲ್ಲ.

ಒಮ್ಮೆ ಸರಿಮಾಡಿದರೆ ಮುಗಿಯೋ ಕೆಲಸವೂ ಅಲ್ಲ ಇದು. ಚೆನ್ನೈನ ಮರೀನಾ ಬೀಚಲ್ಲಿ 2022ರ ನವೆಂಬರ್‌ನಲ್ಲಿ ವೀಲ್‌ಚೇರ್ ಸಮುದ್ರದ ಹತ್ತಿರದವರೆಗೂ ಹೋಗೋ ಹಾಗೆ ಮರದ ಹಾದಿ ಮಾಡಿದರು. ಕೆಲವೇ ದಿನದಲ್ಲಿ ಮಾಂಡೌಸ್ ಚಂಡಮಾರುತಕ್ಕೆ ಅದು ಹಾಳಾಯ್ತು. ಮತ್ತೆ ರಿಪೇರಿ ಮಾಡಿ ತೆರೆದರು. ನಮ್ಮಲ್ಲಿ ಚಂಡಮಾರುತ ಬರಲ್ಲ. ರ‍್ಯಾಂಪ್ ಮುಂದೆ ಸ್ಕೂಟರ್ ನಿಲ್ಲಿಸ್ತಾರೆ ಅಷ್ಟೇ. ಫಲಿತಾಂಶ ಒಂದೇ. ಹಾಗಾಗಿ ವಾರಕ್ಕೊಮ್ಮೆ ಯಾರಾದರೂ ಒಬ್ಬರು ನೋಡಿಕೊಳ್ಳಲೇಬೇಕು. ನಮ್ಮಲ್ಲಿ ಆ ಕೆಲಸ ಮೂಲೆಮನೆ ಅಂಕಲ್‌ದು, ಬೈಕ್ ಬರುತ್ತೆ ಅಂತ ಹೆದರಿದ್ದರಲ್ಲ, ಅವರೇ.

ಓದ್ತಿರೋ ನಿಮ್ಮಲ್ಲಿ ತುಂಬ ಜನ ನನ್ನ ಹಾಗೇ ಇಯರ್‌ಫೋನ್ ಹಾಕ್ಕೊಂಡು ಪಾರ್ಕಲ್ಲಿ ಓಡೋರು. ಈ ವಾರ ಒಂದು ದಿನ ಟೇಪ್ ತಗೊಂಡು ಹೋಗಿ. ಗೇಟು ಮೂರು ಅಡಿ ಇದೆಯಾ? ಮೆಟ್ಟಿಲಿಗೆ ರ‍್ಯಾಂಪಿದೆಯಾ, ಇಂಚಿಗೆ ಅಡಿಯ ಲೆಕ್ಕಕ್ಕೆ ಬರುತ್ತಾ? ಗೇಟಿಂದ ಬೆಂಚಿನವರೆಗೆ ಚಕ್ರ ಒಂದೇ ಸಮನೆ ಉರುಳುತ್ತಾ? ನಡುವೆ ಒಂದು ಕಡೆ ತಡೆದರೂ ಉಳಿದ ಕೆಲಸವೆಲ್ಲ ದಂಡ. ಆಮೇಲೆ ವೀಲ್‌ಚೇರಲ್ಲಿ ಓಡಾಡೋ ಒಬ್ಬರನ್ನಾದರೂ ಕರೆದು ಕೇಳಿ. ನನ್ನ ಟೇಪಿಗೆ ಸಿಗದ್ದು ಅಪ್ಪನ ಕಣ್ಣಿಗೆ ಸಿಕ್ಕಿತ್ತು.

ಉದಾಹರಣೆಗೆ ಬೆಂಚು. ಮೊದಲು ಗೆಳೆಯರು ನಾಲ್ಕು ಜನ ಸಾಲಾಗಿ ಕೂತರೆ ಅಪ್ಪ ಅವರ ಎದುರಿಗೆ ದಾರಿ ಮಧ್ಯೆ ಇರಬೇಕಿತ್ತು. ಓಡಾಡೋರಿಗೆಲ್ಲ "ಸಾರಿ, ಸಾರಿ" ಅನ್ನಬೇಕಿತ್ತು. ಈಗ ಬೆಂಚಿನ ಪಕ್ಕ ಮೂರಡಿ ಅಗಲದ ಜಾಗ ಸಮ ಮಾಡಿ ಗಾರೆ ಹಾಕಿದ್ದಾರೆ. ಅಪ್ಪನೂ ಅದೇ ಸಾಲಲ್ಲಿ.

ಹೋದ ಬುಧವಾರ ನನಗೆ ಬೆಳಗ್ಗೆ ಆರೂವರೆಗೇ ಆಫೀಸ್ ಕಾಲ್ ಇತ್ತು. ಮುಗಿಸಿ ಹೊರಗೆ ಬಂದರೆ ಅಪ್ಪ ಇಲ್ಲ, ವೀಲ್‌ಚೇರೂ ಇಲ್ಲ. ಫೋನ್ ಮಾಡಿದೆ.

"ಎಲ್ಲಿದೀರಪ್ಪಾ?"

"ಎಲ್ಲಿರ್ತೀನಿ? ಪಾರ್ಕಲ್ಲಿ."

"ಯಾರು ಕರ್ಕೊಂಡು ಹೋದ್ರು?"

ಆ ಕಡೆಯಿಂದ ಗೆಳೆಯರ ನಗು ಕೇಳಿಸ್ತು. "ಡ್ಯೂಟಿ ಮೇಲಿದೀನಿ, ಆಮೇಲೆ ಮಾಡು" ಅಂತ ಅಪ್ಪ ಫೋನ್ ಇಟ್ಟರು.