ಅಂಬಲಪ್ಪುಳದ ಅಕ್ಕಿರಾಶಿ

ಆಲಪ್ಪುಳದಿಂದ ತೆಂಕಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಅಂಬಲಪ್ಪುಳ. ಜನ ಇಲ್ಲಿಗೆ ಬರುವುದು ಕೃಷ್ಣನ ದರ್ಶನಕ್ಕೆ, ಪಾಲ್ಪಾಯಸಕ್ಕೆ. ನನ್ನನ್ನು ಇಷ್ಟು ದೂರ ಎಳೆದು ತಂದದ್ದು ಇಲ್ಲಿನ ಐತಿಹ್ಯದೊಳಗೆ ಕೂತಿರುವ ಒಂದು ಸಂಖ್ಯೆ.

ಚೆಂಬಕಶ್ಶೇರಿಯ ರಾಜನಿಗೆ ಚದುರಂಗವೆಂದರೆ ಪ್ರಾಣ. ಆಡಲು ಬಂದ ಋಷಿಯೊಬ್ಬ ಪಣವಾಗಿ ಕೇಳಿದ್ದು ಅಕ್ಕಿಕಾಳು: ಮೊದಲ ಮನೆಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ. ರಾಜ ಸೋತ, ಉಗ್ರಾಣ ಬರಿದಾಯಿತು. ಋಷಿಯ ವೇಷದಲ್ಲಿದ್ದ ಕೃಷ್ಣ, ಬಂದ ಭಕ್ತರಿಗೆ ದಿನವೂ ಪಾಯಸ ಕೊಟ್ಟು ಸಾಲ ತೀರಿಸು ಎಂದನಂತೆ.

ಆ ಸಾಲ 1,84,46,74,40,73,70,95,51,615 ಕಾಳು. ಕಾಳೊಂದಕ್ಕೆ 25 ಮಿಲಿಗ್ರಾಂ ಎಂದಿಟ್ಟುಕೊಂಡರೂ ಇಡೀ ಜಗತ್ತು ಈಗ ಬೆಳೆಯುವ ಅಕ್ಕಿಯನ್ನೆಲ್ಲ ಸುಮಾರು ಒಂಬೈನೂರು ವರ್ಷ ಸುರಿಯಬೇಕು!

ದೇವಸ್ಥಾನದ ಕೊಳದ ಬಳಿ ಕೂತು ಕಾಗದದ ಮೇಲೆ ಮಣೆ ಬರೆದೆ. ಮೊದಲ ಸಾಲಿನ ಎಂಟು ಮನೆಗಳಲ್ಲಿ 255 ಕಾಳು. ಎರಡನೆಯ ಸಾಲಿನ ಪ್ರತಿ ಮನೆಯಲ್ಲೂ ಅದರ ಮೇಲಿನ ಮನೆಯ 256 ಪಟ್ಟು. ಅಂದಮೇಲೆ ಎರಡೂ ಸಾಲು ಸೇರಿ 255ರ 257 ಪಟ್ಟು, ಅಂದರೆ 65,535. ನಾಲ್ಕು ಸಾಲಾದಾಗ ಅದರ 65,537 ಪಟ್ಟು. 255 ಕೂಡ ಹೀಗೇ ಹುಟ್ಟಿದ್ದು: ಎರಡು ಮನೆಗೆ 3, ನಾಲ್ಕು ಮನೆಗೆ ಅದರ 5 ಪಟ್ಟು, ಎಂಟಕ್ಕೆ ಮತ್ತೆ 17 ಪಟ್ಟು. ಮನೆಗಳು ಇಮ್ಮಡಿಯಾದಾಗಲೆಲ್ಲ ಹೊಸದೊಂದು ಅಪವರ್ತನ ಬಂದು ಸೇರುತ್ತದೆ. 3, 5, 17, 257, 65,537: ಎಲ್ಲವೂ ಅವಿಭಾಜ್ಯ! ಎಷ್ಟು ನೋಡಿದರೂ ನನಗೆ ತಣಿಯಲಿಲ್ಲ. ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಫರ್ಮಾ ಇದೇ ಸಾಲಿಗೆ ಮನಸೋತು, ಮುಂದೆಯೂ ಹೀಗೇ ಇರುತ್ತದೆಂದು ನಂಬಿದ್ದ.

ಉಳಿದದ್ದು ಮಣೆಯ ಕೆಳಗಿನರ್ಧ. ಅದು ತಂದುಕೊಡುವ ಅಪವರ್ತನ 4,29,49,67,297. 1732ರಲ್ಲಿ ಆಯ್ಲರ್ ಇದನ್ನು ಒಡೆದ: 641 × 67,00,417. ನಾನೂ ಪೆನ್ಸಿಲ್ ಹಿಡಿದು ಗುಣಿಸಿದೆ. ಕೊನೆಯ ಅಂಕಿಯವರೆಗೂ ತಾಳೆಯಾದಾಗ ಮೈ ಜುಮ್ಮೆಂದಿತು. ಯಂತ್ರವಿಲ್ಲದ ಕಾಲದಲ್ಲಿ ಆತ ಸುಮ್ಮನೆ ಹುಡುಕಲಿಲ್ಲ. ಇಂಥ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವ ರೂಪದಲ್ಲಿರಬೇಕೆಂದು ಮೊದಲು ತರ್ಕಿಸಿ, ಆಮೇಲೆ ಭಾಗಾಕಾರಕ್ಕೆ ಇಳಿದ. ಹುಡುಕಾಟದಲ್ಲಿ ನಾನು ಇದಕ್ಕಿಂತ ಚೆಲುವಾದದ್ದನ್ನು ಕಂಡಿಲ್ಲ.

ಪಾಯಸ ಸಿಕ್ಕಿದ್ದು ಮಧ್ಯಾಹ್ನ. ತಿಳಿಗೆಂಪಿಗೆ ತಿರುಗಿದ ಹಾಲು, ಬೆಂದು ಕರಗುವಂತಾದ ಅಕ್ಕಿ. ಒಂದೊಂದೇ ಕಾಳನ್ನು ನಾಲಿಗೆಯ ಮೇಲಿಟ್ಟುಕೊಂಡು ಸವಿದೆ.

ಮತ್ತೆ ಕಾಗದ ತೆಗೆದೆ. ಮಣೆಯನ್ನು ಬೆಳೆಸುತ್ತ ಹೋದರೆ? 128 ಮನೆಗೆ ಬರುವ ಹೊಸ ಅಪವರ್ತನವೂ ಒಡೆಯುತ್ತದೆ, 256 ಮನೆಯದ್ದೂ ಒಡೆಯುತ್ತದೆ. 65,537ರ ಆಚೆಗೆ ಈ ಕುಲದ ಇನ್ನೊಂದು ಅವಿಭಾಜ್ಯ ಇಂದಿನವರೆಗೂ ಯಾರಿಗೂ ಸಿಕ್ಕಿಲ್ಲ.